ಪಂಜರವೂ ಒಂದು ಪರಿಸರ

1969ರಲ್ಲಿ ಅಮೆರಿಕದ ಯರ್ಕೀಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಒಂದು ಚಿಂಪಾಂಜಿ ಮರಿಯ ಬಗ್ಗೆ ವರದಿ ಪ್ರಕಟಿಸಿದರು. ಅದರ ಜೀವಕೋಶಗಳಲ್ಲಿ 48ರ ಬದಲು 49 ವರ್ಣತಂತುಗಳಿದ್ದವು. ಲಕ್ಷಣಗಳು ಮನುಷ್ಯರ ಡೌನ್ ಸಿಂಡ್ರೋಮನ್ನು ಹೋಲುತ್ತಿದ್ದವು. ಅಂಡಾಣು ತಯಾರಾಗುವಾಗ ವರ್ಣತಂತುಗಳು ಸರಿಯಾಗಿ ಬೇರ್ಪಡದಿದ್ದರೆ ಹೀಗಾಗುತ್ತದೆ. ತಾಯಿಯ ವಯಸ್ಸು ಇದಕ್ಕೊಂದು ಕಾರಣವೆಂದು ಮನುಷ್ಯರ ಮಟ್ಟಿಗೆ ಆಗಲೇ ಗೊತ್ತಿತ್ತು. ಸುತ್ತಲಿನ ವಸ್ತುಗಳೂ ಕಾರಣವಾಗಬಲ್ಲವೇ? ಅದರ ಸುಳಿವು ಸಿಕ್ಕಿದ್ದು ಆಕಸ್ಮಿಕವಾಗಿ, ಅದೂ ಇಲಿಗಳಿಂದ.

1998ರ ಆಗಸ್ಟ್‌ನಲ್ಲಿ ಕ್ಲೀವ್‌ಲ್ಯಾಂಡಿನ ಪೆಟ್ರೀಷಿಯಾ ಹಂಟ್ ಅವರ ಪ್ರಯೋಗಾಲಯದಲ್ಲಿ ಆರೋಗ್ಯವಂತ ಇಲಿಗಳ ಅಂಡಾಣುಗಳು ಕೆಡತೊಡಗಿದವು. ವರ್ಣತಂತುಗಳು ಸಾಲುಗೂಡದ ಅಂಡಾಣುಗಳ ಪ್ರಮಾಣ ಶೇ. 1-2ರಿಂದ ಸುಮಾರು ಶೇ. 40ಕ್ಕೆ ಜಿಗಿಯಿತು. ಹುಡುಕಿದರೆ, ನೆಲ ತೊಳೆಯುವ ಕಟುವಾದ ಮಾರ್ಜಕದಿಂದ ಪ್ಲಾಸ್ಟಿಕ್ ಪಂಜರ, ನೀರಿನ ಬಾಟಲಿಗಳನ್ನು ತೊಳೆದಿದ್ದರು! ಪ್ಲಾಸ್ಟಿಕ್ ಸವೆದು ಬಿಸ್ಫೆನಾಲ್-ಎ ಎಂಬ ರಾಸಾಯನಿಕ ಒಸರಿತ್ತು. 2003ರಲ್ಲಿ ಇದು ಪ್ರಕಟವಾದಾಗ ವಿವಾದವೆದ್ದಿತು; ಬೇರೆ ಕೆಲವು ಪ್ರಯೋಗಾಲಯಗಳಿಗೆ ಅದೇ ಫಲಿತಾಂಶ ದೊರೆಯಲಿಲ್ಲ.

ಇಲಿಯ ಮಾತು ನಮಗೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ರೀಸಸ್ ಮಂಗಗಳತ್ತ ಹೊರಳಿತು. ಇವು ಉತ್ತರ ಭಾರತದವು, ನಮ್ಮ ದೇವಸ್ಥಾನಗಳ ಕೋಡಗಕ್ಕೆ ಹತ್ತಿರದ ನೆಂಟರು. ಪೋಲಿಯೊ ಲಸಿಕೆಯ ಕಾಲದಲ್ಲಿ ಭಾರತದಿಂದ ಹಡಗು, ವಿಮಾನ ಏರಿ ಬಂದವು. 1978ರಲ್ಲಿ ಭಾರತ ರಫ್ತು ನಿಲ್ಲಿಸಿದ ಮೇಲೆ ಅಮೆರಿಕದ ಕೇಂದ್ರಗಳು ಇಲ್ಲೇ ಹುಟ್ಟಿದ ಮರಿಗಳನ್ನು ಹೆಚ್ಚಾಗಿ ನೆಚ್ಚಿಕೊಂಡವು.

ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಬಸುರಿ ಮಂಗಗಳಿಗೆ ಹಣ್ಣಿನೊಳಗಿಟ್ಟೋ ಚರ್ಮದಡಿ ಸೇರಿಸಿಯೋ ಬಿಸ್ಫೆನಾಲ್-ಎ ಕೊಟ್ಟರು. 2012ರಲ್ಲಿ ಹಂಟ್ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶ: ಹೆಣ್ಣು ಭ್ರೂಣಗಳಲ್ಲೇ ವರ್ಣತಂತುಗಳ ಜೋಡಣೆ ಏರುಪೇರಾಗಿತ್ತು, ಅಂಡಾಣುಗಳ ಸುತ್ತಲಿನ ಕೋಶಗಳ ಹೊದಿಕೆಯೂ ಸರಿಯಾಗಿ ರೂಪುಗೊಂಡಿರಲಿಲ್ಲ.

ಮಂಗವಾಗಲಿ ಮನುಷ್ಯರಾಗಲಿ, ಹೆಣ್ಣುಮಗುವಿನ ಅಂಡಾಣುಗಳು ಮೂಡುವುದು ತಾಯಿಯ ಗರ್ಭದಲ್ಲೇ. ಆದ್ದರಿಂದ ಅಜ್ಜಿ ಬಸುರಿಯಾಗಿದ್ದಾಗ ಕುಡಿದ ನೀರಿನ ಲೆಕ್ಕ ಮೊಮ್ಮಗಳವರೆಗೂ ನಡೆಯಬಲ್ಲದು.

ಮಾರುಕಟ್ಟೆಗೆ 'ಬಿಪಿಎ ರಹಿತ' ಚೀಟಿ ಅಂಟಿಸಿದ ಬಾಟಲಿಗಳು ಬಂದವು. 2018ರಲ್ಲಿ ಹಂಟ್ ಅವರ ಇಲಿಗಳಲ್ಲಿ ಮತ್ತೆ ಅದೇ ಕಥೆ. ಹೊಸ ಬಗೆಯ ಪ್ಲಾಸ್ಟಿಕ್ಕಿನ ಪಂಜರ ಹಾಳಾಗಿ, ಈ ಸಲ ಒಸರಿದ್ದು ಬಿಸ್ಫೆನಾಲ್-ಎಸ್. ಪಂಜರದ ಪ್ರಾಣಿಗೆ ತನ್ನ ಬಾಟಲಿಯನ್ನು ಆರಿಸಿಕೊಳ್ಳುವ ಅವಕಾಶವಿಲ್ಲ. ನಾವಾದರೂ ಚೀಟಿಯನ್ನಷ್ಟೇ ನಂಬದೆ, ಹಳೆಯದರ ಜಾಗಕ್ಕೆ ಏನು ಬಂತು ಎಂದು ಕೇಳಬಹುದು.