ಹಳೇ ಬಾಗಲಕೋಟೆ ಪೇಟೆ

ಘಟಪ್ರಭಾ ದಂಡೆಯ ಬಾಗಲಕೋಟೆಯ ಮೂಲ ವಾಣಿಜ್ಯ ಪ್ರದೇಶ. ಕಡಲಿಂದ ದೂರವಿದ್ದರೂ ಆಲಮಟ್ಟಿ ಜಲಾಶಯದ ಹಿನ್ನೀರು ಊರನ್ನು ನೀರಂಚಿನ ಪಟ್ಟಣವಾಗಿಸಿದೆ. ಕೃಷ್ಣೆಗೆ ಕಟ್ಟಿದ ಈ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಜಲಾಶಯಕ್ಕೆ ಅವರದೇ ಹೆಸರು. ನೀರಿನ ಮಟ್ಟ 519.6 ಮೀಟರಿಗೆ ಏರುವ ಹೊತ್ತಿಗೆ ಹಳೇ ಊರಿನ ತಗ್ಗಿನ ಓಣಿಗಳು ತೆರವಾದವು. ಸಂತ್ರಸ್ತರಿಗಾಗಿ ಸೆಕ್ಟರುಗಳ ನವನಗರ ಎದ್ದಿತು. 1997ರಲ್ಲಿ ಬಾಗಲಕೋಟೆ ವಿಜಯಪುರದಿಂದ ಬೇರ್ಪಟ್ಟು ಜಿಲ್ಲೆಯಾದ ಮೇಲೆ ಸರ್ಕಾರಿ ಕಚೇರಿಗಳೂ ಅಲ್ಲಿ ನೆಲೆನಿಂತವು.

ವ್ಯಾಪಾರ ಮಾತ್ರ ಹಳೇ ಪೇಟೆಯನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ವಲ್ಲಭಭಾಯಿ ಚೌಕದ ಸುತ್ತ ಜವಳಿ, ಬಂಗಾರ, ಕಿರಾಣಿ ಅಂಗಡಿಗಳಿವೆ; ಇಳಕಲ್ ಸೀರೆ, ಗುಳೇದಗುಡ್ಡದ ಖಣ ಇಲ್ಲಿ ಸಿಗುತ್ತವೆ. ನವನಗರದ ಅಗಲ ರಸ್ತೆಗಳಿಗೆ ಈ ಇಕ್ಕಟ್ಟಿನ ಗದ್ದಲ ಇನ್ನೂ ಒಗ್ಗಿಲ್ಲ.

ಪೇಟೆಯ ನಿಜವಾದ ರೂಪ ಕಾಣುವುದು ಹೋಳಿಯಲ್ಲಿ. ಕಿಲ್ಲಾ, ಹಳಪೇಟ, ಜೈನಪೇಟ, ವೆಂಕಟಪೇಟ, ಹೊಸಪೇಟ ಓಣಿಗಳವರು ಹಲಗೆ ಬಾರಿಸುತ್ತ, ಬಂಡಿಗಳಲ್ಲಿ ಬ್ಯಾರಲ್‌ಗಟ್ಟಲೆ ಬಣ್ಣ ತಂದು ದಿನಗಟ್ಟಲೆ ಆಡುತ್ತಾರೆ. ಆಗ ಬರುವವರು ಹಳೇ ಬಟ್ಟೆ ತೊಟ್ಟು ಬರುವುದು ಲೇಸು. ಖರೀದಿಗೆ ಬರುವವರು ಬೇರೆ ದಿನ ನೋಡಿಕೊಳ್ಳಬೇಕು.