ಚಂದ್ರಗುಪ್ತನ ಹದಿನಾರು ಕನಸುಗಳು: ಅರ್ಥದ ಹುಡುಕಾಟ

ಶ್ರವಣಬೆಳಗೊಳದ ಪರಂಪರೆಯಲ್ಲಿ ಮೌರ್ಯ ಚಂದ್ರಗುಪ್ತನ ವೈರಾಗ್ಯಕ್ಕೆ ಕಾರಣವಾಗುವುದು ಯುದ್ಧವಲ್ಲ, ಕನಸು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ದೇವಚಂದ್ರ ರಚಿಸಿದ ‘ರಾಜಾವಳಿ ಕಥೆ’ಯಂತೆ, ಪಾಟಲಿಪುತ್ರದಲ್ಲಿ ಕಾರ್ತಿಕ ಹುಣ್ಣಿಮೆಯ ರಾತ್ರಿ ಅರಸನು ಹದಿನಾರು ಕನಸುಗಳನ್ನು ಕಂಡನು. ಅವುಗಳ ಫಲವನ್ನು ತಿಳಿಸಿದವರು ಶ್ರುತಕೇವಲಿ ಭದ್ರಬಾಹು. ಹನ್ನೆರಡು ಹೆಡೆಯ ಸರ್ಪವು ಸಮೀಪಿಸುವ ಕೊನೆಯ ಕನಸಿಗೆ ಅವರು ಹೇಳಿದ ಅರ್ಥ ಹನ್ನೆರಡು ವರ್ಷಗಳ ಕ್ಷಾಮ. ಅದನ್ನು ಕೇಳಿದ ಅರಸನು ಮಗನಿಗೆ ರಾಜ್ಯವನ್ನೊಪ್ಪಿಸಿ ದೀಕ್ಷೆ ಪಡೆದು, ಸಂಘದೊಡನೆ ದಕ್ಷಿಣಕ್ಕೆ ನಡೆದನು.

ಇದನ್ನು ಇತಿಹಾಸವೆಂದು ಒಪ್ಪಬಹುದೇ? ಚಂದ್ರಗಿರಿಯ ಬಂಡೆಯ ಮೇಲಿನ, ಸುಮಾರು ಕ್ರಿ.ಶ. 600ರ ಶಾಸನದಲ್ಲಿ ಕನಸಿನ ಮಾತಿಲ್ಲ. ಭದ್ರಬಾಹುಸ್ವಾಮಿಯು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕಾಲವೈಷಮ್ಯವನ್ನು ಮುಂಗಂಡುದು, ಸಂಘವು ಉತ್ತರದಿಂದ ದಕ್ಷಿಣಕ್ಕೆ ಬಂದುದು, ಪ್ರಭಾಚಂದ್ರನೆಂಬ ಆಚಾರ್ಯನು ಕಟವಪ್ರದಲ್ಲಿ ಸಮಾಧಿಯನ್ನು ಸಾಧಿಸಿದುದು ಅಲ್ಲಿಯ ವಿಷಯ. ಈ ಪ್ರಭಾಚಂದ್ರನೇ ಚಂದ್ರಗುಪ್ತನೇ ಎಂಬ ಪ್ರಶ್ನೆ ವಿದ್ವಾಂಸರನ್ನು ಇಬ್ಭಾಗವಾಗಿಸಿತು. ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ ಪ್ರಕಟಿಸಿದ ಬಿ. ಎಲ್. ರೈಸ್ ಪರಂಪರೆಯನ್ನು ಎತ್ತಿಹಿಡಿದರು, ಜೆ. ಎಫ್. ಫ್ಲೀಟ್ ಅದನ್ನು ಅಲ್ಲಗಳೆದರು. 1923ರ ಪರಿಷ್ಕೃತ ಆವೃತ್ತಿಯಲ್ಲಿ ಆರ್. ನರಸಿಂಹಾಚಾರ್ಯರು ಪರಂಪರೆಗೇ ಒಲವು ತೋರಿದರು. ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಗಳನ್ನು ಜೊತೆಯಾಗಿ ನೆನೆಯುವ ಶಾಸನವು ಏಳನೆಯ ಶತಮಾನದಲ್ಲಿಯೇ ದೊರೆಯುವುದು ಗಮನಾರ್ಹ.

ಆದರೂ ಕನಸಿನ ಬೀಜವು ಆ ಹಳೆಯ ಶಾಸನದಲ್ಲಿಯೇ ಇದೆ. ಅದು ಭದ್ರಬಾಹುವನ್ನು ಅಷ್ಟಾಂಗ ಮಹಾನಿಮಿತ್ತದ ತತ್ತ್ವವನ್ನು ಬಲ್ಲವನೆಂದು ಕರೆಯುತ್ತದೆ. ಅಂತರಿಕ್ಷ, ಭೌಮ, ಅಂಗ, ಸ್ವರ, ವ್ಯಂಜನ, ಲಕ್ಷಣ, ಛಿನ್ನ, ಸ್ವಪ್ನ ಎಂಬ ಎಂಟು ಅಂಗಗಳಲ್ಲಿ ಸ್ವಪ್ನವೂ ಒಂದು. ಶಾಸನವು ನಿಮಿತ್ತವೆಂದಷ್ಟೇ ಹೇಳಿ ನಿಲ್ಲಿಸಿದೆಡೆಯಲ್ಲಿ ಕಥೆಯು ಕನಸನ್ನು ಕಾಣಿಸಿತು.

ಹದಿನಾರು ಎಂಬ ಸಂಖ್ಯೆಯೂ ಆಕಸ್ಮಿಕವಲ್ಲ. ದಿಗಂಬರ ಪರಂಪರೆಯಲ್ಲಿ ತೀರ್ಥಂಕರನ ತಾಯಿ ಕಾಣುವುದು ಹದಿನಾರು ಶುಭಸ್ವಪ್ನಗಳನ್ನು. ಎರಡನ್ನೂ ಅಕ್ಕಪಕ್ಕದಲ್ಲಿರಿಸಿದರೆ ಒಂದು ಮತ್ತೊಂದರ ತಲೆಕೆಳಗಾದ ಬಿಂಬದಂತೆ ತೋರುತ್ತದೆ. ತಾಯಿಗೆ ಉದಯಸೂರ್ಯ, ಅರಸನಿಗೆ ಅಸ್ತಮಿಸುವ ಸೂರ್ಯ; ಅಲ್ಲಿ ಪೂರ್ಣಚಂದ್ರ, ಇಲ್ಲಿ ಒಡೆದ ಚಂದ್ರಬಿಂಬ; ಅಲ್ಲಿ ಬಿಳಿಯಾನೆ, ಇಲ್ಲಿ ಹೋರಾಡುವ ಕರಿಯಾನೆಗಳು; ಅಲ್ಲಿ ತಾವರೆಗೊಳ, ಇಲ್ಲಿ ಬತ್ತಿದ ಕೆರೆ. ಸಿಂಹಾಸನದ ಮೇಲೆ ಕಪಿ ಕುಳಿತಿದೆ. ದೇವವಿಮಾನವು ಇಳಿದು ಹಿಂದಿರುಗುತ್ತದೆ. ಹೊಗೆಯಿಲ್ಲದ ಬೆಂಕಿಯ ಬದಲು ಎಲ್ಲೆಡೆ ಹೊಗೆ. ತೀರ್ಥಂಕರನ ಆಗಮನವನ್ನು ಸಾರಿದ ಸಂಕೇತಗಳೇ ಕೊನೆಯ ಶ್ರುತಕೇವಲಿಯ ಕಾಲದಲ್ಲಿ ಧರ್ಮದ ಅವನತಿಯನ್ನು ಸಾರುತ್ತವೆ. ಜಿನಸೇನರ ‘ಮಹಾಪುರಾಣ’ದಲ್ಲಿ ಭರತಚಕ್ರಿಯೂ ಇಂತಹ ದುಃಸ್ವಪ್ನಗಳನ್ನು ಕಂಡು ವೃಷಭಜಿನನಲ್ಲಿ ಅರ್ಥ ಕೇಳುತ್ತಾನೆ.

ಫಲಗಳಲ್ಲಿ ಕಥೆಗಾರರ ಕಾಲದ ಭಯಗಳೂ ಬೆರೆತಿವೆ. ಕೀಳುಕುಲದವರು ಅಧಿಕಾರ ಪಡೆವರೆಂಬ ಮಾತು ಅಂದಿನ ಸಮಾಜದ ಶ್ರೇಣಿಯ ಆತಂಕವೇ ಹೊರತು ಜಿನತತ್ತ್ವವಲ್ಲ. ಚಿನ್ನದ ಬಟ್ಟಲಿನ ಪಾಯಸವನ್ನು ನಾಯಿ ತಿನ್ನುವ ಕನಸಿಗೆ, ಅರಸರು ಷಡ್ಭಾಗದಿಂದ ತೃಪ್ತರಾಗದೆ ಭೂಕಂದಾಯವನ್ನು ಹೆಚ್ಚಿಸಿ ಪ್ರಜೆಗಳನ್ನು ಪೀಡಿಸುವರೆಂಬ ಅರ್ಥವಿದೆ. 1830–31ರ ನಗರ ದಂಗೆಯ ನೆನಪು ಹಸಿಯಾಗಿದ್ದ ಮೈಸೂರು ಸೀಮೆಯ ಓದುಗನಿಗೆ ಅದು ಪಾಟಲಿಪುತ್ರದ ಮಾತಾಗಿ ಮಾತ್ರ ಕೇಳಿಸಿರಲಾರದು.

ಚಂದ್ರಗುಪ್ತನು ಈ ಕನಸುಗಳನ್ನು ಕಂಡನೆಂಬುದಕ್ಕೆ ಸಮಕಾಲೀನ ಆಧಾರವಿಲ್ಲ. ಆದರೆ ಕನಸು ಪ್ರಮಾಣವಾಗದಿದ್ದರೂ ಅದರ ವ್ಯಾಖ್ಯಾನವು ಪ್ರಮಾಣವಾಗಬಲ್ಲದು: ಕ್ಷಾಮಕ್ಕೂ ವಲಸೆಗೂ ಶ್ರುತಜ್ಞಾನದ ಲೋಪಕ್ಕೂ ಒಂದು ಸಮುದಾಯವು ಹೇಗೆ ಅರ್ಥ ಕಂಡುಕೊಂಡಿತೆಂಬುದಕ್ಕೆ. ಮುಸ್ಸಂಜೆಯಲ್ಲಿ ಮಿನುಗುವ ಮಿಂಚುಹುಳುಗಳ ಕನಸಿಗೆ ಭದ್ರಬಾಹು ಹೇಳಿದ ಫಲವೂ ಅದೇ. ನಿಜಜ್ಞಾನವು ಮರೆಯಾದರೂ ಕೆಲವು ಕಿಡಿಗಳು ಮಂದವಾಗಿ ಉಳಿಯುತ್ತವೆ.