ಮುಚ್ಚಳದ ಫೋನು, ಎರೆ ಹೊಲದ ಧೂಳು

ಅಂಗೈಯಲ್ಲಿ ಅಡಗುವ ಪುಟ್ಟ ಫೋನು. ಹೆಬ್ಬೆರಳಿನಿಂದ ಮೀಟಿದರೆ ‘ಟಕ್’ ಎಂದು ತೆರೆದುಕೊಳ್ಳುತ್ತದೆ. ಮಾತು ಮುಗಿದರೆ ‘ಟಪ್’ ಎಂದು ಮುಚ್ಚಿಕೊಳ್ಳುತ್ತದೆ. ಈ ಎರಡು ಸದ್ದುಗಳಿಗಾಗಿಯೇ ಸಾವಿರಾರು ರೂಪಾಯಿ ತೆತ್ತವರುಂಟು. ಈ ಶತಮಾನದ ಮೊದಲ ದಶಕದಲ್ಲಿ ಮಡಚುವ ಫೋನು ಹಿಡಿದವನ ಗತ್ತೇ ಬೇರೆ! ಆದರೆ ಘಟಪ್ರಭೆಯ ನೀರು ಕುಡಿದು ಕಬ್ಬು ಬೆಳೆಯುವ ಅರಭಾವಿ ಸೀಮೆಯಲ್ಲಿ, ಅಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಎರೆಮಣ್ಣಿನ ಹೊಲಗಳಲ್ಲಿ, ಆ ಗತ್ತು ಎಷ್ಟು ದಿನ ಬಾಳಿಕೆ ಬಂದೀತು? ಉತ್ತರ ಬೇಕಿದ್ದರೆ ಮಡಚುವ ಫೋನಿನ ಹುಟ್ಟಿನಿಂದಲೇ ಹೊರಡಬೇಕು.

ಫೋನನ್ನು ಮಡಚುವ ಆಲೋಚನೆ ಮೊಬೈಲ್‌ಗಿಂತ ಹಳೆಯದು. 1960ರ ದಶಕದ ಮಧ್ಯದಲ್ಲಿಯೇ ಇಟಲಿಯಲ್ಲಿ ಮಾರ್ಕೊ ಜಾನುಸೊ ಮತ್ತು ರಿಚರ್ಡ್ ಸ್ಯಾಪರ್ ಎಂಬ ವಿನ್ಯಾಸಕಾರರು ‘ಗ್ರಿಲ್ಲೊ’ ಎಂಬ ಮಡಚುವ ಮನೆಫೋನನ್ನು ರೂಪಿಸಿದ್ದರು. ಗ್ರಿಲ್ಲೊ ಎಂದರೆ ಜೀರುಂಡೆ. ಅದರ ಗಂಟೆಯ ಸದ್ದು ಹಾಗಿತ್ತಂತೆ. ಮಡಚುವುದರ ಹಿಂದಿನ ಲೆಕ್ಕ ಸರಳ. ಮನುಷ್ಯನ ಕಿವಿಗೂ ಬಾಯಿಗೂ ಹೆಚ್ಚುಕಡಿಮೆ ಒಂದು ಗೇಣು ಅಂತರ. ಫೋನು ಆ ಉದ್ದವಿರಬೇಕು, ಜೇಬಿನಲ್ಲಿ ಮಾತ್ರ ಅದರ ಅರ್ಧವಿರಬೇಕು. ಅದಕ್ಕೆ ತಿರುಗಣಿಯೇ ಉಪಾಯ.

1973ರ ಏಪ್ರಿಲ್ 3ರಂದು ನ್ಯೂಯಾರ್ಕ್‌ನ ಬೀದಿಯಲ್ಲಿ ಮಾರ್ಟಿನ್ ಕೂಪರ್ ಮೊದಲ ಕೈಫೋನಿನಲ್ಲಿ ಮಾತನಾಡಿದಾಗ ಅದು ಇಟ್ಟಿಗೆಯಂತಿತ್ತು. ಅದೇ ಮೋಟೊರೊಲಾ ಕಂಪನಿ 1983ರಲ್ಲಿ ಮಾರಾಟಕ್ಕೆ ತಂದ ಫೋನಿನ ಬೆಲೆ 3,995 ಡಾಲರ್. 1989ರ ‘ಮೈಕ್ರೊಟ್ಯಾಕ್’ ಗುಂಡಿಗಳ ಮೇಲೊಂದು ಚಿಕ್ಕ ಮುಚ್ಚಳ ತಂದಿತು. 1996ರ ಜನವರಿಯಲ್ಲಿ ಬಂದ ‘ಸ್ಟಾರ್‌ಟ್ಯಾಕ್’ ಪೂರ್ತಿ ಮಡಚಿಕೊಂಡು 88 ಗ್ರಾಮಿಗೆ ಇಳಿಯಿತು. ಇಟ್ಟಿಗೆ ಆಭರಣವಾದದ್ದು ಹೀಗೆ.

ಭಾರತದಲ್ಲಿ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ನಡೆಯಿತು. ಕೋಲ್ಕತ್ತದಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು, ದೆಹಲಿಯಲ್ಲಿ ಕೇಂದ್ರ ಸಂಪರ್ಕ ಸಚಿವ ಸುಖ್‌ರಾಮ್. ಆಗ ನಿಮಿಷಕ್ಕೆ 16 ರೂಪಾಯಿಯವರೆಗೆ ದರ. ಕರೆ ಮಾಡಿದವನ ಹಾಗೆ ಕರೆ ಕೇಳಿದವನೂ ಹಣ ತೆರಬೇಕು! ಇಂಥ ಕಾಲದಲ್ಲಿ ಮುಚ್ಚಳಕ್ಕೆ ನಿಜವಾದ ಬೆಲೆಯಿತ್ತು. ಜೇಬಿನಲ್ಲಿ ಗುಂಡಿ ಒತ್ತಿಹೋಗಿ ತಾನಾಗಿ ಕರೆ ಹೋಗುವ ಭಯವಿಲ್ಲ, ಪರದೆಗೆ ಬೀಗದ ಕೈ ತಾಗಿ ಗೀರು ಬೀಳುವುದಿಲ್ಲ. ಆದರೆ ಅದೇ ಮುಚ್ಚಳ ಇನ್ನೊಂದು ಕಡೆ ಕಾಟವಾಯಿತು. ಹೊರಗೆ ಪುಟ್ಟ ಪರದೆಯಿಲ್ಲದ ಮಾದರಿಗಳಲ್ಲಿ ಯಾರ ಕರೆಯೆಂದು ನೋಡಲು ಮುಚ್ಚಳ ತೆರೆಯಬೇಕು. ತೆರೆದರೆ ಸಾಮಾನ್ಯವಾಗಿ ಕರೆ ಸ್ವೀಕಾರವಾಗಿಬಿಡುತ್ತದೆ. ‘ಮಿಸ್ಡ್ ಕಾಲ್’ ಕೊಟ್ಟು ಕಾಸು ಉಳಿಸುವ ನಮ್ಮ ಜನರ ಜಾಣತನಕ್ಕೂ ಈ ಏರ್ಪಾಟಿಗೂ ಕೂಡಿಬರುವುದು ಹೇಗೆ? 2003ರ ಮೇ ತಿಂಗಳಿನಿಂದ ಒಳಬರುವ ಕರೆಗಳು ಉಚಿತವಾದವು. ಮೊಬೈಲ್ ನಿಜಕ್ಕೂ ಹಳ್ಳಿಯ ಹಾದಿ ಹಿಡಿದದ್ದು ಆ ಮೇಲೆ.

ಹಳ್ಳಿಗೆ ಹೊಂದುವ ದೂರವಾಣಿ ಎಂದರೇನು ಎಂಬ ಪ್ರಶ್ನೆಗೆ ಬೆಳಗಾವಿ ಜಿಲ್ಲೆ ಅದಕ್ಕೂ ಮುಂಚೆಯೇ ಒಂದು ಉತ್ತರ ಕಂಡಿತ್ತು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ದಿನಗಳವು. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಮುಂದಾಳುತನದಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಒಂದನ್ನು ತಯಾರಿಸಿತು. ವಿದೇಶದಿಂದ ಬರುತ್ತಿದ್ದ ದೊಡ್ಡ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್‌ಗಳಿಗೆ ಹವಾನಿಯಂತ್ರಿತ ಕೋಣೆ ಬೇಕು. ನಮ್ಮ ಹಳ್ಳಿಯಲ್ಲಿ ವಿದ್ಯುತ್ತಿನದೇ ನೆಚ್ಚಿಕೆಯಿಲ್ಲ, ತಂಪುಯಂತ್ರ ಎಲ್ಲಿಂದ ಬರಬೇಕು? ಹಾಗಾಗಿ ಬಿಸಿಲು, ಧೂಳು ಎರಡನ್ನೂ ತಾಳಿಕೊಂಡು ಕೆಲಸ ಮಾಡುವಂತೆಯೇ 128 ಲೈನಿನ ಆ ಪೆಟ್ಟಿಗೆಯನ್ನು ರೂಪಿಸಲಾಯಿತು. ಅದರ ಮೊದಲ ಎಕ್ಸ್‌ಚೇಂಜ್ 1986ರಲ್ಲಿ ಚಾಲೂ ಆದದ್ದು ಇದೇ ಜಿಲ್ಲೆಯ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರಿನ ಈ ಇನ್ನೊಂದು ಹೆಗ್ಗಳಿಕೆ ಏಕೋ ಯಾರ ಬಾಯಲ್ಲೂ ಇಲ್ಲ.

ಕಿತ್ತೂರಿನ ಪೆಟ್ಟಿಗೆಗೆ ಇದ್ದ ಈ ಎಚ್ಚರ ಮಡಚುವ ಫೋನಿಗೆ ಇರಲಿಲ್ಲ. 2004ರಲ್ಲಿ ಮೋಟೊರೊಲಾ ಹೊರತಂದ ‘ರೇಜರ್ ವಿ3’ಯನ್ನೇ ನೋಡಿ. ಕೇವಲ 13.9 ಮಿಲಿಮೀಟರ್ ದಪ್ಪ, ಅಲ್ಯೂಮಿನಿಯಂ ಮೈ, ಒಂದೇ ಲೋಹದ ತಗಡಿನಲ್ಲಿ ಕೊರೆದ ಗುಂಡಿಗಳು. ಅಮೆರಿಕದಲ್ಲಿ ಎರಡು ವರ್ಷದ ಕರಾರಿಗೆ ಸಹಿ ಹಾಕಿದವರಿಗೂ ಸುಮಾರು 500 ಡಾಲರ್ ಬೆಲೆ. ಆದರೂ ಜಗತ್ತಿನಾದ್ಯಂತ ಈ ಮಾದರಿ 13 ಕೋಟಿಗೂ ಹೆಚ್ಚು ಮಾರಾಟವಾಯಿತು. ಚೆಲುವಾದ ವಸ್ತು, ಅದರಲ್ಲಿ ಎರಡು ಮಾತಿಲ್ಲ.

ಅದಕ್ಕೆ ಒಂದು ವರ್ಷ ಮೊದಲು, 2003ರಲ್ಲಿ ಬಂದದ್ದು ‘ನೋಕಿಯಾ 1100’. ನೋಡಲು ಏನೂ ಅಲ್ಲ. ಗುಂಡಿಗಳ ಸಂದಿಗೆ ಧೂಳು ಇಳಿಯದಂತೆ ಇಡೀ ಮುಖಕ್ಕೆ ಒಂದೇ ರಬ್ಬರ್ ಹೊದಿಕೆ, ಬೆವರಿದ ಕೈಯಿಂದ ಜಾರದ ಅಂಚು, ನೆತ್ತಿಯಲ್ಲಿ ಪುಟ್ಟ ಟಾರ್ಚು. ಈ ಟಾರ್ಚಿನ ಬೆಲೆ ತಿಳಿಯಬೇಕಾದರೆ ರಾತ್ರಿ ಪಾಳಿಯಲ್ಲಿ ತ್ರೀಫೇಸ್ ವಿದ್ಯುತ್ ಬಂದಾಗ ಪಂಪ್‌ಸೆಟ್ ಚಾಲೂ ಮಾಡಲು ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆದುಹೋಗುವ ರೈತನನ್ನು ಕೇಳಬೇಕು. ಹಾವಿನ ಭಯ, ಹಸಿ ಮಣ್ಣಿನ ಜಾರಿಕೆ, ಒಂದು ಕೈಯಲ್ಲಿ ಸನಿಕೆ. ಉಳಿದ ಒಂದೇ ಕೈಯಲ್ಲಿ ಬೆಳಕೂ ಬೇಕು, ಮಾತೂ ಬೇಕು. ರೇಜರ್‌ನಲ್ಲಿ ಟಾರ್ಚ್ ಇರಲಿಲ್ಲ.

ಬ್ಯಾಟರಿಯ ವಿಷಯಕ್ಕೆ ಬಂದರೆ ರೇಜರ್‌ನದು 680 ಮಿಲಿಆಂಪಿಯರ್-ಅವರ್, ನೋಕಿಯಾದ್ದು 850. ಅಂತರ ಅಷ್ಟೇನೂ ದೊಡ್ಡದಲ್ಲ ಎನ್ನಬಹುದು. ಆದರೆ ನೋಕಿಯಾದ ‘ಬಿಎಲ್-5ಸಿ’ ಬ್ಯಾಟರಿ ಸಂತೆಯ ಅಂಗಡಿಯಲ್ಲೂ ಸಿಗುವಂಥದ್ದು, ಚಿಕ್ಕ ರೇಡಿಯೊಗಳಿಗೂ ಕೂಡುವಂಥದ್ದು. ಚಾರ್ಜರಿನ ‘ದಪ್ಪ ಪಿನ್’ ಯಾರ ಮನೆಯಲ್ಲಾದರೂ ಇರುತ್ತಿತ್ತು. ರೇಜರ್ ಕೇಳುತ್ತಿದ್ದ ಮಿನಿ ಯುಎಸ್‌ಬಿ ತಂತಿಯನ್ನು ಕರೆಂಟಿಲ್ಲದ ಊರಿನಲ್ಲಿ ಯಾರ ಬಳಿ ಕೇಳುವುದು?

ಇನ್ನು ತಿರುಗಣಿಯ ಕಥೆ. ಕೆಳಗಿನ ಅರ್ಧದಿಂದ ಮೇಲಿನ ಅರ್ಧಕ್ಕೆ ವಿದ್ಯುತ್ತೂ ಚಿತ್ರವೂ ಹೋಗಬೇಕಾದದ್ದು ಕಾಗದದಷ್ಟು ತೆಳುವಾದ ಒಂದು ಪಟ್ಟಿಯ ಮೂಲಕ. ತೆರೆದಾಗಲೊಮ್ಮೆ, ಮುಚ್ಚಿದಾಗಲೊಮ್ಮೆ ಅದು ಬಾಗುತ್ತದೆ. ಗತ್ತಿಗಾಗಿ ಸುಮ್ಮಸುಮ್ಮನೆ ಟಕ್-ಟಪ್ ಆಡಿಸುವವನ ಕೈಯಲ್ಲಿ ಅದರ ಆಯುಷ್ಯ ಇನ್ನೂ ಕಡಿಮೆ. ಸಂದಿಗೆ ಸೇರಿದ ಧೂಳು ತಿರುಗಣಿಯನ್ನೇ ಸವೆಸುತ್ತದೆ. ಒಂದು ದಿನ ಗಂಟೆ ಬಾರಿಸುತ್ತದೆ, ಪರದೆ ಮಾತ್ರ ಕಪ್ಪು! ರಿಪೇರಿ ಅಂಗಡಿಯವರು ‘ಸ್ಟ್ರಿಪ್ ಹೋಗಿದೆ’ ಎನ್ನುತ್ತಿದ್ದುದು ಈ ಪಟ್ಟಿಗೇ. ನೋಕಿಯಾ 1100ರಲ್ಲಿ ಬಾಗುವ ಭಾಗವೇ ಇರಲಿಲ್ಲ. ಅದು 25 ಕೋಟಿಗೂ ಹೆಚ್ಚು ಮಾರಾಟವಾಯಿತು.

ಒಂದು ತೊಡಕು ಮಾತ್ರ ಚೆಲುವನಿಗೂ ಒರಟನಿಗೂ ಸಮಾನವಾಗಿತ್ತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಆ ಕಾಲದ ಬಹುಪಾಲು ಫೋನುಗಳಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ. ಮೂಡಿದರೂ ಒಂದು ಎಸ್ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70 ಸಂಕೇತ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತ ನುಂಗುತ್ತದೆ. ‘ಊಟಕ್ಕೆ ಬಾ’ ಎಂಬುದನ್ನೂ ರೋಮನ್ ಲಿಪಿಯಲ್ಲಿ ಬರೆಯುವ ರೂಢಿ ಬೇರೂರಿದ್ದು ಹೀಗೆ, ಅದಿನ್ನೂ ಪೂರ್ತಿ ಬಿಟ್ಟಿಲ್ಲ.

ಗಾಜಿನ ಸ್ಪರ್ಶಪರದೆ ಬಂದ ಮೇಲೆ ಮಡಚುವ ಫೋನಿನ ಕಾಲ ಮುಗಿಯಿತೆಂದೇ ಎಲ್ಲರೂ ಭಾವಿಸಿದ್ದರು. ಅದು ಮರಳಿ ಬಂತು, ಅದೂ ಎರಡು ವೇಷದಲ್ಲಿ. 2020ರಲ್ಲಿ ಮಡಚುವ ಗಾಜಿನ ಪರದೆಯ ಸ್ಯಾಮ್‌ಸಂಗ್ ‘ಜೆಡ್ ಫ್ಲಿಪ್’ ಭಾರತಕ್ಕೆ ಬಂದಾಗ ಬೆಲೆ 1,09,999 ರೂಪಾಯಿ. ಎರಡು ಲಕ್ಷ ಸಲ ಮಡಚಬಹುದು ಎಂದು ಕಂಪನಿ ಹೇಳಿತು. ಎರೆಮಣ್ಣಿನ ಧೂಳಿನಲ್ಲಿ ಎಷ್ಟು ಸಲ ಎಂದು ಹೇಳಲಿಲ್ಲ. 2022ರ ಆಗಸ್ಟ್‌ನಲ್ಲಿ 4,699 ರೂಪಾಯಿಗೆ ಬಂದದ್ದು ‘ನೋಕಿಯಾ 2660 ಫ್ಲಿಪ್’. ದಪ್ಪ ಗುಂಡಿಗಳು, ಕಿವಿಯ ಯಂತ್ರಕ್ಕೆ ಹೊಂದುವ ಧ್ವನಿ, ಅಪಾಯದಲ್ಲಿ ಒತ್ತಲು ಪಕ್ಕದಲ್ಲೊಂದು ಬೇರೆ ಗುಂಡಿ. ಇದರ ಗಿರಾಕಿ ಗತ್ತಿನ ಹುಡುಗನಲ್ಲ, ಅವನ ಅಜ್ಜ. ಕಣ್ಣು ಮಂಜಾದವರಿಗೆ ಗಾಜಿನ ಮೇಲೆ ಹಸಿರು ಗುರುತು ಯಾವುದು, ಕೆಂಪು ಯಾವುದು ಎಂದು ಹುಡುಕುವ ಗೋಜಿಲ್ಲ. ತೆರೆದರೆ ಮಾತು ಶುರು, ಮುಚ್ಚಿದರೆ ಮುಗಿಯಿತು.